ಕರುಮತ್ತಂಪಟ್ಟಿ ದಾರಿಯಲ್ಲಿ ಒಂದು ಕೊಡೆ



ತಿರುಪ್ಪೂರಿನಲ್ಲಿರುವ ನಾವು ಊರಿಗೆ ಬಂದಾಗಲೆಲ್ಲ ನೀವು ಕೇಳುವುದು ಸಂಬಳದ ಬಗ್ಗೆ, ಓವರ್‌ಟೈಮ್ ಬಗ್ಗೆ. ಈ ಸಲ ಬೇರೆ ಒಂದು ವಿಷಯ ಬರೆಯುತ್ತಿದ್ದೇವೆ. ನಮ್ಮಿಂದ ಆದ ಒಂದು ತಪ್ಪು ಇದರಲ್ಲಿದೆ. ಯಾರಿಗೆ ನೋವಾಯಿತೋ ಅವನನ್ನು ಕೇಳಿಯೇ ಬರೆಯುತ್ತಿದ್ದೇವೆ. "ಬರೀರಿ, ಹೆಸರು ಮಾತ್ರ ಹಾಕ್‌ಬ್ಯಾಡಿ" ಎಂದ. ಆದ್ದರಿಂದ ಅವನನ್ನು ಇಲ್ಲಿ ತಮ್ಮ ಎಂದೇ ಕರೆಯುತ್ತೇವೆ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನು ಅವನೇ.

ಹೊಸಬರಿಗಾಗಿ ಎರಡು ಮಾತು. ಕೊಳ್ಳೇಗಾಲದ ಕಡೆಯ ನಮ್ಮ ಧರ್ಮಕೇಂದ್ರದಿಂದ ಹದಿನಾಲ್ಕು ಮಂದಿ ಇಲ್ಲಿನ ಬನಿಯನ್ ಕಂಪನಿಗಳಲ್ಲಿ ಕೆಲಸ ಮಾಡುತ್ತೇವೆ. ಭಾನುವಾರ ತಮಿಳು ಬಲಿಪೂಜೆಗೆ ಹೋಗುತ್ತೇವೆ, ಬುಧವಾರ ರಾತ್ರಿ ಯಾರದಾದರೂ ಲೈನ್ ಮನೆಯಲ್ಲಿ ಸೇರಿ ಕನ್ನಡದಲ್ಲಿ ಜಪಸರ ಮಾಡುತ್ತೇವೆ. ಪರದೇಶಕ್ಕೆ ಬಂದಂತೆ ನಮಗೆ ಅನ್ನಿಸುವುದಿಲ್ಲ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತಲ್ಲ. ನಮ್ಮ ಅಜ್ಜಂದಿರು ಕೋರ್ಟು ಕಚೇರಿ ಎಂದರೆ ಈ ಕಡೆಗೇ ಮುಖ ಮಾಡುತ್ತಿದ್ದರು.

ಕೊಯಮತ್ತೂರಿಗೂ ತಿರುಪ್ಪೂರಿಗೂ ನಡುವೆ ಕರುಮತ್ತಂಪಟ್ಟಿ ಇದೆ. ಅಲ್ಲಿಯ ಜಪಸರ ಮಾತೆಯ ಬಸಿಲಿಕದಲ್ಲಿ ಅಕ್ಟೋಬರ್‌ನಲ್ಲಿ ದೊಡ್ಡ ಹಬ್ಬ. ಕೊಂಗುನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ, ನಡೆದು ಬರುವವರೂ ಬಹಳ. ಹೋದ ವರ್ಷ ನಾವೂ ಮೊದಲ ಸಲ ಹೊರಟೆವು. ಮಂಗಲಂ, ಸಾಮಳಾಪುರಂ, ಸೋಮನೂರು ದಾರಿಯಾಗಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು.

ಎಲ್ಲರಿಗೂ ಒಂದೇ ಟೀ-ಶರ್ಟ್ ಇರಲಿ ಎಂದು ತೀರ್ಮಾನ ಮಾಡಿದೆವು. ಟೀ-ಶರ್ಟಿನ ಊರಲ್ಲಿದ್ದು ಟೀ-ಶರ್ಟ್ ಇಲ್ಲದೆ ಹೋಗುವುದೇ? ಖಾದರ್‌ಪೇಟೆಗೆ ಹೋಗಿ ಇದ್ದುದರಲ್ಲೇ ಅಗ್ಗದ, ತೆಳ್ಳಗಿನ ಬಿಳಿ ಅರ್ಧ ತೋಳಿನದನ್ನು ಆರಿಸಿದೆವು. ಬೆನ್ನ ಮೇಲೆ ಮಾತೆಯ ಚಿತ್ರ ಪ್ರಿಂಟ್ ಮಾಡಿಸಿದೆವು. ರಾತ್ರಿ ಶಿಫ್ಟ್ ಮುಗಿಸಿದವರು ಎರಡು ಗಂಟೆ ಮಲಗಿ ಏಳಲಿ ಎಂದು ಬೆಳಿಗ್ಗೆ ಎಂಟಕ್ಕೆ ಹೊರಡುವುದು ಎಂದಾಯಿತು.

ತಮ್ಮ ಬಂದಾಗ ಅವನ ಮೈಮೇಲೆ ಎಂದಿನಂತೆ ತುಂಬು ತೋಳಿನ ದಪ್ಪ ಅಂಗಿ, ಕೈಯಲ್ಲಿ ಕಪ್ಪು ಕೊಡೆ. ತಮ್ಮನಿಗೆ ಹುಟ್ಟಿನಿಂದ ಆಲ್ಬಿನಿಸಂ ಇದೆ. ಕೂದಲು, ಹುಬ್ಬು, ಚರ್ಮ ಎಲ್ಲ ಬಿಳಿ. ಊರಲ್ಲಿ ಕೆಲವರು ಅದನ್ನು ತೊನ್ನು ಎನ್ನುತ್ತಾರೆ. ಅದು ತೊನ್ನಲ್ಲ, ತೊನ್ನು ಆಮೇಲೆ ಬರುವಂಥದ್ದು. ಎರಡೂ ಅಂಟುರೋಗವಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ. ನಮ್ಮಲ್ಲೇ ಒಬ್ಬರು ಮೊದಮೊದಲು ಅವನ ಲೋಟದಲ್ಲಿ ನೀರು ಕುಡಿಯುತ್ತಿರಲಿಲ್ಲ.

"ಕೊಡೆ ಯಾಕೋ, ಮಳೆ ಎಲ್ಲಿದೆ?" ಎಂದು ಒಬ್ಬ. "ಮದುವಣಗಿತ್ತಿ ಬಂದಳು, ಕೊಡೆ ಹಿಡೀರಿ" ಎಂದು ಇನ್ನೊಬ್ಬ. ಎಲ್ಲರೂ ನಕ್ಕೆವು, ಅವನೂ ನಕ್ಕ. ಫೋಟೊ ಚೆನ್ನಾಗಿ ಬರಬೇಕು ಎಂದು ಅಂಗಿ ಬಿಚ್ಚಿಸಿ ಟೀ-ಶರ್ಟ್ ಹಾಕಿಸಿದ್ದು ನಾವೇ. ಕೊಡೆಯನ್ನು ರೂಮಿನಲ್ಲೇ ಬಿಟ್ಟು ಬಂದ.

ಅಂದು ಬಿಸಿಲು ಹೆಚ್ಚೇನೂ ಕಾಯಲಿಲ್ಲ. ತೆಳು ಮೋಡ, ಒಳ್ಳೆಯ ಗಾಳಿ. ಹಾಡುತ್ತಾ ನಡೆದೆವು. ಸಾಮಳಾಪುರದ ಕೆರೆ ದಾಟಿದ ಮೇಲೆ ತಮ್ಮ ಹಿಂದೆ ಬೀಳತೊಡಗಿದ. ಕಣ್ಣು ಬಿಡಲಾಗುತ್ತಿಲ್ಲ, ಹೆಗಲು ಚುರುಗುಟ್ಟುತ್ತಿದೆ ಎಂದ. ನಾವು ಪ್ರೀತಿಯಿಂದಲೇ ಒಂದು ಕೆಲಸ ಮಾಡಿದೆವು. ಬಾಟಲಿಯ ನೀರನ್ನು ತಲೆಯ ಮೇಲೆ, ಹೆಗಲ ಮೇಲೆ ಸುರಿದೆವು. ಸೋಮನೂರಿನ ಪವರ್‌ಲೂಮ್ ಸದ್ದು ಕೇಳುವವರೆಗೆ ಮೂರು ಸಲ ಸುರಿದಿರಬೇಕು. ತಲುಪಿದಾಗ ಮೂರು ಗಂಟೆ.

ಸಂಜೆ ಬಲಿಪೂಜೆಯಲ್ಲಿ ಅವನ ಕುತ್ತಿಗೆ, ಕಿವಿ, ತೋಳು ಕೆಂಪಗಾಗಿದ್ದು ಕಂಡೆವು. ಮರುದಿನ ಹೆಗಲಿನ ಮೇಲೆ ಬೊಬ್ಬೆ ಎದ್ದವು. ಟೀ-ಶರ್ಟಿನ ಒಳಗೇ, ಬಟ್ಟೆ ಮುಚ್ಚಿದ್ದ ಜಾಗದಲ್ಲಿ! ನಾಲ್ಕು ದಿನ ಕೆಲಸಕ್ಕೆ ಹೋಗಲಿಲ್ಲ. ವಾರದ ಸಂಬಳದವನಿಗೆ ನಾಲ್ಕು ದಿನ ಎಂದರೆ ಏನು ಎಂದು ಇಲ್ಲಿ ಇರುವವರಿಗೆ ಗೊತ್ತು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಬುಧವಾರದ ಜಪಸರಕ್ಕೆ ಅವನು ಬರದಿದ್ದಾಗ ಮುನಿಸಿಕೊಂಡಿದ್ದಾನೆ ಎಂದುಕೊಂಡೆವು.

ಆ ವಾರದ ಬಲಿಪೂಜೆಯ ವಾಚನಗಳಲ್ಲಿ ಪ್ರವಾದಿ ಯೋನನ ಕಥೆ ಬಂದಿತ್ತು. ಮೀನಿನ ಹೊಟ್ಟೆಯ ಭಾಗ ಎಲ್ಲರಿಗೂ ನೆನಪಿರುತ್ತದೆ, ಕೊನೆಯ ಭಾಗ ಮರೆಯುತ್ತದೆ. ಪಟ್ಟಣದ ಹೊರಗೆ ಸಿಟ್ಟು ಮಾಡಿಕೊಂಡು ಕೂತಿದ್ದ ಯೋನನ ತಲೆಯ ಮೇಲೆ ದೇವರು ಒಂದು ಗಿಡ ಬೆಳೆಸುತ್ತಾರೆ. ಮರುದಿನ ಗಿಡ ಒಣಗುತ್ತದೆ, ಬಿಸಿಲು ಅವನ ನೆತ್ತಿಗೆ ಹೊಡೆಯುತ್ತದೆ, ಅವನು ಸಾವನ್ನೇ ಬೇಡುತ್ತಾನೆ. ಜಪಸರಕ್ಕೆ ಮೊದಲು ಅದನ್ನು ಓದುತ್ತಿದ್ದ ನಮ್ಮ ಅಕ್ಕ ಒಬ್ಬರು ಅರ್ಧಕ್ಕೆ ನಿಲ್ಲಿಸಿ, "ನಾವು ಅವನ ಕೊಡೆ ಬಿಡಿಸಿದ್ವಲ್ಲ" ಎಂದರು. ಅವತ್ತು ರಾತ್ರಿಯೇ ಅವನ ರೂಮಿಗೆ ಹೋದೆವು.

ಲೈಟ್ ಹಾಕದೆ ಮಕಾಡೆ ಮಲಗಿದ್ದ. ನಾವು ಕ್ಷಮೆ ಕೇಳಲು ಹೊರಟರೆ ಅವನೇ ನಮ್ಮನ್ನು ಸಮಾಧಾನ ಮಾಡಿದ. "ನೀವು ನೀರು ಹುಯ್ದಾಗ ತಂಪಾಗಿತ್ತು ಕನಣ್ಣ. ಅದ್ಕೇ ನಾನೂ ಸುಮ್ನಿದ್ದೆ."

ಆ ಮಾತು ನಮ್ಮನ್ನು ಬಿಡಲಿಲ್ಲ. ತಂಪಾಗಿತ್ತು, ಆದರೂ ಸುಟ್ಟಿತು. ಹೇಗೆ? ನಮ್ಮಲ್ಲಿ ಇಬ್ಬರು ಬಿ.ಎಸ್ಸಿ. ಓದಿದವರು. ಪರೀಕ್ಷೆಗೆ ಓದಿ ಮರೆತಿದ್ದನ್ನು ಮತ್ತೆ ತೆಗೆದೆವು.

1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ವಿಜ್ಞಾನಿ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ, ಕೆಂಪು ಬಣ್ಣದ ಆಚೆ ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕ ಇಟ್ಟ. ಅಲ್ಲೂ ಕಾವು ಏರಿತು. ಅದು ಅವಕೆಂಪು. ಮರುವರ್ಷ, 1801ರಲ್ಲಿ ಯೋಹಾನ್ ರಿಟ್ಟರ್ ಎಂಬ ಇನ್ನೊಬ್ಬ ನೇರಳೆಯ ಆಚೆ ಬೆಳ್ಳಿಯ ಲವಣ ಇಟ್ಟು ನೋಡಿದ. ಅಲ್ಲೂ ಏನೂ ಕಾಣದಿದ್ದರೂ ಲವಣ ಬೇಗ ಕಪ್ಪಾಯಿತು. ಅದು ನೇರಳಾತೀತ ಕಿರಣ, ನಾವು ಯು.ವಿ. ಎನ್ನುವುದು. ಮೈಗೆ ತಟ್ಟುವ ಕಾವು ಬರುವುದು ಕಾಣುವ ಬೆಳಕಿನಿಂದ ಮತ್ತು ಅವಕೆಂಪಿನಿಂದ. ನೆಲಕ್ಕೆ ಬರುವ ಬಿಸಿಲಿನ ಶಕ್ತಿಯಲ್ಲಿ ಯು.ವಿ. ಪಾಲು ನೂರಕ್ಕೆ ಐದರಷ್ಟು ಮಾತ್ರ. ಅದು ಬಿಸಿಯಾಗಿ ತಿಳಿಯುವುದಿಲ್ಲ, ಆದರೆ ಚರ್ಮದ ಜೀವಕೋಶಗಳ ಡಿ.ಎನ್.ಎ.ಗೆ ಪೆಟ್ಟು ಕೊಡುವುದು ಅದೇ. ಉರಿ, ಕೆಂಪು ಎಲ್ಲ ಕೆಲವು ಗಂಟೆ ಕಳೆದ ಮೇಲೆ ಏರುತ್ತವೆ. ಅಷ್ಟರಲ್ಲಿ ಆಗಬೇಕಾದ್ದು ಆಗಿರುತ್ತದೆ.

ನಮ್ಮ ಈ ಸೀಮೆಯಲ್ಲಿ ಮೋಸ ಹೋಗುವುದು ಇಲ್ಲೇ. ಪಾಲಕ್ಕಾಡ್ ಕಣಿವೆಯಿಂದ ಬೀಸುವ ಗಾಳಿಗೆ ಕೊಯಮತ್ತೂರು ಹಿತವಾದ ಊರು ಎಂದು ಹೆಸರು. ಗಾಳಿ ಮೈಯ ಕಾವನ್ನು ಒಯ್ಯುತ್ತದೆ, ಯು.ವಿ.ಯನ್ನಲ್ಲ. ತೆಳು ಮೋಡವೂ ಅದನ್ನು ಹೆಚ್ಚು ತಡೆಯುವುದಿಲ್ಲ. ಊಟಿಗೆ ಹೋದರೆ ಇನ್ನೂ ಉಲ್ಟಾ. ಸಾವಿರ ಮೀಟರ್ ಮೇಲೇರಿದಂತೆ ಯು.ವಿ. ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ಎರಡು ಸಾವಿರ ಮೀಟರ್ ಮೇಲೆ ಸ್ವೆಟರ್ ಹಾಕಿಕೊಂಡೇ ಮುಖ ಸುಟ್ಟುಕೊಂಡು ಬಂದವರು ನಮ್ಮಲ್ಲೂ ಇದ್ದಾರೆ.

ಇನ್ನು ನೀರಿನ ವಿಷಯ. ಒದ್ದೆ ಬಿಳಿ ಬಟ್ಟೆ ಮೈಗೆ ಅಂಟಿದಾಗ ಒಳಗಿನ ಚರ್ಮ ಕಾಣುತ್ತದಲ್ಲ? ನೂಲಿನ ನಡುವಿನ ಗಾಳಿಯ ಜಾಗವನ್ನು ನೀರು ತುಂಬಿದಾಗ ಬೆಳಕು ಚೆದುರುವುದು ಕಡಿಮೆಯಾಗಿ ನೇರ ಒಳಗೆ ಹೋಗುತ್ತದೆ. ಯು.ವಿ.ಯೂ ಹಾಗೆಯೇ. ನಾವು ತಂಪು ಮಾಡುತ್ತೇವೆ ಎಂದುಕೊಂಡು ಅವನ ಹೆಗಲಿಗೆ ಇದ್ದ ಅಷ್ಟಿಷ್ಟು ತಡೆಯನ್ನೂ ಕಿತ್ತುಹಾಕಿದ್ದೆವು.

ಬಟ್ಟೆ ನಮ್ಮ ಅನ್ನ. ಆದರೂ ಬಟ್ಟೆಗೂ ಒಂದು ಅಳತೆ ಇದೆ ಎಂದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಯು.ಪಿ.ಎಫ್. ಎನ್ನುತ್ತಾರೆ. ಇದಕ್ಕೆ ಮೊದಲು ಮಾನದಂಡ ಮಾಡಿದ್ದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್, 1996ರಲ್ಲಿ. ಯು.ಪಿ.ಎಫ್. 50 ಎಂದರೆ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಹೋಗುತ್ತದೆ. ತೆಳು ಬಿಳಿ ಹತ್ತಿ ಟೀ-ಶರ್ಟಿನದು ಸಾಮಾನ್ಯವಾಗಿ 5ರಿಂದ 10ರ ಒಳಗೆ. ಒದ್ದೆಯಾದರೆ ಇನ್ನೂ ಇಳಿಯುತ್ತದೆ, ಬಿಗಿಯಾಗಿ ಹಿಗ್ಗಿದರೂ ಇಳಿಯುತ್ತದೆ. ದಪ್ಪ ನೇಯ್ಗೆ, ಗಾಢ ಬಣ್ಣ, ಪಾಲಿಯೆಸ್ಟರ್ ಇವೆಲ್ಲ ಹೆಚ್ಚು ತಡೆಯುತ್ತವೆ. ನೀಲಿ ಜೀನ್ಸ್ ಬಟ್ಟೆಯನ್ನಂತೂ ಕೇಳುವುದೇ ಬೇಡ. ಬ್ಲೀಚ್ ಮಾಡದ ಹತ್ತಿ ಬ್ಲೀಚ್ ಮಾಡಿದ್ದಕ್ಕಿಂತ ಸ್ವಲ್ಪ ಮೇಲು. ಮನೆಯಲ್ಲೇ ನೋಡಬೇಕಾದರೆ ಬಟ್ಟೆಯೊಳಗೆ ಕೈ ಹಾಕಿ ಟ್ಯೂಬ್‌ಲೈಟಿಗೆ ಹಿಡಿಯಿರಿ. ಬೆರಳುಗಳ ಆಕಾರ ಸ್ಪಷ್ಟವಾಗಿ ಕಂಡರೆ ಅದು ಬಿಸಿಲಿನ ಬಟ್ಟೆಯಲ್ಲ. ನಮ್ಮ ಹಬ್ಬದ ಟೀ-ಶರ್ಟಿನಲ್ಲಿ ಬೆರಳಲ್ಲಿದ್ದ ಉಂಗುರವೂ ಕಂಡಿತು.

ಕ್ವಾಲಿಟಿ ಸೆಕ್ಷನ್‌ನಲ್ಲಿರುವ ನಮ್ಮ ಅಕ್ಕ ಇನ್ನೊಂದು ತೋರಿಸಿದರು. ಬಣ್ಣ ಹೋಲಿಸಿ ನೋಡಲು ಕಂಪನಿಗಳಲ್ಲಿ ಲೈಟ್ ಬಾಕ್ಸ್ ಇರುತ್ತದೆ. ಅದರಲ್ಲಿ ಹಗಲು ಬೆಳಕು, ಅಂಗಡಿ ಬೆಳಕು, ಜೊತೆಗೆ ಯು.ವಿ. ಎಂಬ ಒಂದು ಬಟನ್. ಬಿಳಿ ಬಟ್ಟೆಗೆ ಹೊಳಪು ಬರಲು ಹಾಕುವ ಬ್ರೈಟ್ನರ್ ಎಲ್ಲ ಪೀಸ್‌ಗೂ ಸಮನಾಗಿ ಹಿಡಿದಿದೆಯೇ ಎಂದು ಅದರಲ್ಲಿ ನೋಡುತ್ತಾರೆ. ಊಟದ ಬಿಡುವಿನಲ್ಲಿ ಮೇಲಿನವರನ್ನು ಕೇಳಿ ನಮ್ಮ ಟೀ-ಶರ್ಟ್ ಒಳಗಿಟ್ಟರು. ಕತ್ತಲಲ್ಲಿ ಅದು ನೀಲಿಯಾಗಿ ಉರಿಯಿತು. ಕಾಣದ ಕಿರಣವನ್ನು ನುಂಗಿ ಕಾಣುವ ನೀಲಿಯನ್ನು ಉಗುಳುವುದು ಬ್ರೈಟ್ನರ್‌ನ ಕೆಲಸ. ಅಷ್ಟರಮಟ್ಟಿಗೆ ಅದು ಚರ್ಮಕ್ಕೂ ಸ್ವಲ್ಪ ಸಹಾಯವೇ, ಆದರೆ ತೆಳು ಬಟ್ಟೆಯನ್ನು ದಪ್ಪ ಮಾಡುವಷ್ಟಲ್ಲ.

ಆಮೇಲೆ ನಮ್ಮ ಕೂಲಿಂಗ್ ಗ್ಲಾಸ್‌ಗಳ ಸರದಿ. ನೂರು ರೂಪಾಯಿಯ ನೋಟು ಒಳಗಿಟ್ಟರೆ ನಂಬರು ಹೊಳೆಯುತ್ತದೆ. ದೀಪಕ್ಕೂ ನೋಟಿಗೂ ನಡುವೆ ಗ್ಲಾಸ್ ಹಿಡಿದಾಗ ಹೊಳಪು ಆರಿದರೆ ಆ ಗ್ಲಾಸ್ ಯು.ವಿ. ತಡೆಯುತ್ತಿದೆ ಎಂದರ್ಥ. ಐದರಲ್ಲಿ ಮೂರು ಪಾಸಾದವು. ಎಲ್ಲಕ್ಕಿಂತ ಕಪ್ಪಾಗಿದ್ದದ್ದು, ನಮ್ಮ ಫೋಟೊ ಹೀರೊನದು, ಫೇಲ್! ನಂಬರು ಮಂಕಾಗಿ ಹೊಳೆಯುತ್ತಲೇ ಇತ್ತು. ಇದು ನಗುವ ವಿಷಯವಲ್ಲ. ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಗಾಜು ಯು.ವಿ. ತಡೆಯದಿದ್ದರೆ ಹಿಗ್ಗಿದ ಪಾಪೆಯಿಂದ ಅದು ಇನ್ನೂ ಹೆಚ್ಚು ಒಳಗೆ ಹೋಗುತ್ತದೆ. ಕೊಳ್ಳುವಾಗ ಯು.ವಿ. 400 ಎಂದು ಇದೆಯೇ ನೋಡಿ. ಕನ್ನಡಕದ ಅಂಗಡಿಗಳಲ್ಲಿ ಅಳೆಯುವ ಯಂತ್ರವೂ ಇರುತ್ತದೆ, ಕೇಳಲು ನಾಚಿಕೆ ಬೇಡ. ನಮ್ಮ ನೋಟಿನ ಪರೀಕ್ಷೆ ಒಂದು ಅಂದಾಜು ಅಷ್ಟೆ. ಆ ದೀಪವನ್ನು ನೇರ ದಿಟ್ಟಿಸಿ ನೋಡಲೂಬಾರದು.

ಡಿಸೆಂಬರ್‌ನಲ್ಲಿ ತಮ್ಮನನ್ನು ಕೊಯಮತ್ತೂರಿನ ಕಣ್ಣಾಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ಅರವಿಂದ, ಶಂಕರದಂಥ ದೊಡ್ಡ ಕಣ್ಣಾಸ್ಪತ್ರೆಗಳಿರುವ ಊರು, ಬಸ್ಸಿನಲ್ಲಿ ಒಂದೂವರೆ ಗಂಟೆ ದೂರ. ಹತ್ತೊಂಬತ್ತು ವರ್ಷ ಅವನು ಇಂಥ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ಡಾಕ್ಟರ್ ಅಮ್ಮ ಹೇಳಿದ್ದನ್ನು ನಮಗೆ ತಿಳಿದಂತೆ ಬರೆಯುತ್ತೇವೆ. ಚರ್ಮದಲ್ಲಿರುವ ಮೆಲನಿನ್ ಎಂಬ ಬಣ್ಣವೇ ಯು.ವಿ.ಗೆ ನಮ್ಮ ಸಹಜ ಕೊಡೆ. ಆಲ್ಬಿನಿಸಂ ಇರುವವರಲ್ಲಿ ಅದು ಇಲ್ಲ, ಅಥವಾ ತೀರ ಕಡಿಮೆ. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆಯಲ್ಲೂ ಅದು ಇಲ್ಲದೆ ಬೆಳಕು ಎಲ್ಲ ಕಡೆಯಿಂದ ನುಗ್ಗುತ್ತದೆ. ಅಕ್ಷಿಪಟಲದ ನಡುಭಾಗವೂ ಪೂರ್ತಿ ಬೆಳೆದಿರುವುದಿಲ್ಲ, ಹಾಗಾಗಿ ಕನ್ನಡಕ ಹಾಕಿದರೂ ದೃಷ್ಟಿ ಪೂರ್ತಿ ಸರಿಹೋಗುವುದಿಲ್ಲ. ಕಣ್ಣುಗುಡ್ಡೆ ಆ ಕಡೆ ಈ ಕಡೆ ಅಲುಗಾಡುವುದೂ ಅದರ ಭಾಗ. ಮಾತಾಡುವಾಗ ಅವನು ನಮ್ಮ ಮುಖ ನೋಡುವುದಿಲ್ಲ ಎಂದು ನಾವು ಆಡಿಕೊಂಡಿದ್ದೆವು! ತಂದೆ ತಾಯಿ ಇಬ್ಬರಲ್ಲೂ ಅಡಗಿದ್ದ ವಂಶವಾಹಿ ಮಗುವಿನಲ್ಲಿ ಕೂಡಿದಾಗ ಇದು ಬರುತ್ತದೆ, ಸೋದರ ಸಂಬಂಧದ ಮದುವೆಗಳಲ್ಲಿ ಹೆಚ್ಚು. ಇದು ಯಾರ ಪಾಪದ ಫಲವೂ ಅಲ್ಲ. ಕುರುಡನಾಗಿ ಹುಟ್ಟಿದವನ ಬಗ್ಗೆ ಶಿಷ್ಯರು ಯೇಸುವನ್ನು ಕೇಳಿದ್ದು, ಪ್ರಭು ಕೊಟ್ಟ ಉತ್ತರ ನಿಮಗೆಲ್ಲ ಗೊತ್ತು.

ಚರ್ಮದ ವಿಭಾಗದ ಡಾಕ್ಟರರನ್ನೂ ಕಂಡೆವು. ತಮ್ಮನಂಥವರಿಗೆ ಚರ್ಮದ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೇ ಬರಬಹುದು. ಕೆಲವು ವಾರಗಳಾದರೂ ಮಾಯದ ಹುಣ್ಣು, ಬೆಳೆಯುತ್ತಿರುವ ಗಂಟು ಕಂಡರೆ ತಕ್ಷಣ ತೋರಿಸಬೇಕು. ಆಫ್ರಿಕಾದ ಟಾಂಜಾನಿಯಾದಲ್ಲಿ ಈ ತೊಂದರೆ ಎಷ್ಟಿದೆ ಎಂದರೆ, ಅಲ್ಲಿಯ ಮೋಶಿ ಊರಿನ ಆಸ್ಪತ್ರೆಯೊಂದರಲ್ಲಿ ಆಲ್ಬಿನಿಸಂ ಇರುವವರಿಗಾಗಿಯೇ ಕಿಲಿಮಂಜಾರೊ ಬೆಟ್ಟದ ಹೆಸರಿನ ಸನ್‌ಸ್ಕ್ರೀನ್ ತಯಾರಿಸತೊಡಗಿದರು. ನಮ್ಮಲ್ಲಿ ಅದು ಸೌಂದರ್ಯದ ಸಾಮಾನು. ತಮ್ಮನಿಗೆ ಅದು ಔಷಧಿ, ಬೆಲೆ ಮಾತ್ರ ಸೌಂದರ್ಯದ ಸಾಮಾನಿನದೇ. ಎಸ್.ಪಿ.ಎಫ್. 30 ಇರುವುದನ್ನು ಮುಖ, ಕಿವಿ, ಕುತ್ತಿಗೆ, ಕೈಗೆ ಧಾರಾಳವಾಗಿ ಹಚ್ಚಿ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಧಾರಾಳ ಎಂದರೆ ಟ್ಯೂಬ್ ಬೇಗ ಖಾಲಿ. ಅದಕ್ಕೇ ಡಾಕ್ಟರ್ ಮೊದಲು ಬಟ್ಟೆ, ಅಗಲ ಅಂಚಿನ ಟೋಪಿ, ಕೊಡೆ ಎಂದರು. ಕ್ರೀಮ್ ಉಳಿದ ಜಾಗಕ್ಕೆ ಮಾತ್ರ. ಕಪ್ಪು ಬಟ್ಟೆಯ ಸಾಧಾರಣ ಕೊಡೆ ನೇರ ಬೀಳುವ ಯು.ವಿ.ಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತಡೆಯುತ್ತದಂತೆ. ಆಕಾಶದಿಂದ ಚೆದುರಿ ಪಕ್ಕದಿಂದ ಬರುವುದಕ್ಕೆ ತುಂಬು ತೋಳು ಬೇಕೇ ಬೇಕು. ಅಂದರೆ ಅವತ್ತು ಬೆಳಿಗ್ಗೆ ಎಂಟಕ್ಕೆ ನಮ್ಮ ಮುಂದೆ ನಿಂತಿದ್ದವನು ಯಾರೂ ಹೇಳಿಕೊಡದೆ ಎಲ್ಲ ಸರಿಯಾಗಿಯೇ ಮಾಡಿದ್ದ.

ಶಾಲೆಯಲ್ಲಿದ್ದಾಗ ಪ್ರಾರ್ಥನೆಯ ಸಾಲಿನಲ್ಲಿ ಟೋಪಿ ಹಾಕಿದ್ದಕ್ಕೆ ಅವನನ್ನು ಹೊರಗೆ ನಿಲ್ಲಿಸಿದ್ದರಂತೆ, ಬಿಸಿಲಿನಲ್ಲಿ. ಆಸ್ಟ್ರೇಲಿಯಾದ ಬಹಳಷ್ಟು ಶಾಲೆಗಳಲ್ಲಿ ಟೋಪಿ ಇಲ್ಲದ ಮಗುವನ್ನು ಆಟದ ಬಯಲಿಗೆ ಬಿಡುವುದಿಲ್ಲ.

ಇಲ್ಲಿಯವರೆಗೆ ಓದಿ "ನಮಗೇನು, ನಾವು ಕಪ್ಪಗಿದ್ದೇವೆ" ಎನ್ನುವವರಿಗೆ ಒಂದು ಮಾತು. ಚರ್ಮದ ಮಟ್ಟಿಗೆ ನಿಮ್ಮ ಮಾತು ಬಹುಮಟ್ಟಿಗೆ ನಿಜ. ನಮ್ಮಂಥವರಲ್ಲಿ ಬಿಸಿಲಿನ ಚರ್ಮದ ಕ್ಯಾನ್ಸರ್ ಅಪರೂಪ, ಡಿ ವಿಟಮಿನ್‌ಗೆ ಒಂದಿಷ್ಟು ಬಿಸಿಲು ಬೇಕು ಕೂಡ. ಕಣ್ಣಿನ ಮಾತು ಬೇರೆ. 1988ರಲ್ಲಿ ಅಮೆರಿಕದ ಚೆಸಾಪೀಕ್ ಕೊಲ್ಲಿಯ 838 ಮೀನುಗಾರರನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಯು.ವಿ.ಬಿ. ಬಿದ್ದವರಿಗೆ ಒಂದು ಬಗೆಯ ಕಣ್ಣಿನ ಪೊರೆ ಹೆಚ್ಚು ಎಂದು ಕಂಡಿತು. ನಮ್ಮಲ್ಲೊಬ್ಬನ ಚಿಕ್ಕಮ್ಮ ಪಲ್ಲಡಂ ಕಡೆ ಹೊಲದ ಕೆಲಸ ಮಾಡುತ್ತಾರೆ. ಮೂಗಿನ ಕಡೆಯ ಮೂಲೆಯಿಂದ ಕರಿಗುಡ್ಡೆಯ ಮೇಲಕ್ಕೆ ತೆಳು ಮಾಂಸದ ಪೊರೆ ಬೆಳೆದಿದೆ. ಬಿಸಿಲು, ಧೂಳು, ಗಾಳಿಯಲ್ಲಿ ದುಡಿಯುವವರಿಗೆ ಬರುವಂಥದ್ದು ಅದು. ಸೆರಗು ಹೊದ್ದರೂ ಕಣ್ಣಿಗೆ ನೆರಳಾಗುವುದಿಲ್ಲ. ಅಗಲ ಅಂಚಿನ ಟೋಪಿ ಕಣ್ಣಿಗೆ ಬೀಳುವ ಯು.ವಿ.ಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಕೊಯಮತ್ತೂರಿನ ವರ್ಕ್‌ಶಾಪ್‌ಗಳಲ್ಲಿ ವೆಲ್ಡಿಂಗ್ ಮಾಡುವ ನಮ್ಮ ಹುಡುಗರಿಗೂ ಹೇಳಬೇಕು. ಶೀಲ್ಡ್ ಇಲ್ಲದೆ ಒಂದು ಟಾಕಾ ಹೊಡೆದು ರಾತ್ರಿಯೆಲ್ಲ ಕಣ್ಣಿಗೆ ಮರಳು ಬಿದ್ದಂತೆ ಒದ್ದಾಡುತ್ತೀರಲ್ಲ, ಅದೂ ಇದೇ ಕಿರಣ.

ಈ ವರ್ಷ ಮತ್ತೆ ಹಬ್ಬ ಬಂತು. ತಮ್ಮ ಬರುತ್ತಾನೋ ಇಲ್ಲವೋ ಎಂದು ಕೇಳಲು ನಮಗೇ ಹಿಂಜರಿಕೆ. ದೊಡ್ಡ ಯೋಜನೆಗೆ ಬದಲು ಒಂದು ಸಣ್ಣ ಲೆಕ್ಕ ಮಾಡಿದೆವು. ನಮ್ಮ ನೆರಳು ನಮಗಿಂತ ಉದ್ದ ಇರುವವರೆಗೆ ಯು.ವಿ. ಅಷ್ಟು ತೀವ್ರವಲ್ಲ, ನೆರಳು ಕುಳ್ಳಾದರೆ ನಾವು ನೆರಳಿಗೆ ಹೋಗಬೇಕು. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇರುವುದು ಅನುಕೂಲವೇ ಆಯಿತು. ಅಕ್ಟೋಬರ್ ಮೊದಲ ವಾರ ಇಲ್ಲಿ ನೆರಳು ನಮ್ಮ ಎತ್ತರಕ್ಕೆ ಬರುವುದು ಬೆಳಿಗ್ಗೆ ಸುಮಾರು 9.20ಕ್ಕೆ. ಆಮೇಲೆ ಮಧ್ಯಾಹ್ನ 3 ಗಂಟೆಯವರೆಗೆ ಅದು ಕುಳ್ಳಗೇ ಇರುತ್ತದೆ. ಹೋದ ವರ್ಷ ನಾವು ನಡೆದದ್ದು ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ.

ಈ ಸಲ ರಾತ್ರಿ ಮೂರಕ್ಕೆ ಹೊರಡುವುದು ಎಂದೆವು. ಗಡಿಯಾರ ಒಂಬತ್ತು ಹೊಡೆಯುವಾಗ ಬಸಿಲಿಕದಲ್ಲಿರಬೇಕು. ಬಿಳಿ ಟೀ-ಶರ್ಟ್ ಇಲ್ಲ. ಕಡುನೀಲಿ, ತುಂಬು ತೋಳು, ಕಾಲರ್ ಇರುವ ದಪ್ಪ ಬಟ್ಟೆ, ಬೆರಳು ಕಾಣದ್ದು. ಒಂದಕ್ಕೆ ಎಪ್ಪತ್ತು ರೂಪಾಯಿ ಹೆಚ್ಚು ಬಿತ್ತು. ಅದಕ್ಕೆ ಗೊಣಗಿದವರೂ ಇದ್ದಾರೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಇಬ್ಬರಿಗೊಂದರಂತೆ ಏಳು ಕಪ್ಪು ಕೊಡೆ. ಇಷ್ಟೆಲ್ಲ ಸಿದ್ಧವಾದ ಮೇಲೆ ಅವನ ರೂಮಿಗೆ ಹೋಗಿ ಅಂಗಿ ಕೊಟ್ಟೆವು. ಬೆಳಕಿಗೆ ಹಿಡಿದು ಬೆರಳು ಕಾಣುತ್ತದೆಯೇ ಎಂದು ನೋಡಿದ. "ನೋಡ್ತೀನಿ" ಎಂದಷ್ಟೇ ಹೇಳಿದ.

ಮೂರಕ್ಕೆ ಐದು ನಿಮಿಷ ಇರುವಾಗ ಬಂದ. ಕೈಯಲ್ಲಿ ಅವನದೇ ಹಳೆಯ ಕೊಡೆ, ನಾವು ತಂದ ಕೊಡೆ ತೆಗೆದುಕೊಳ್ಳಲಿಲ್ಲ. ಮಂಗಲಂ ದಾಟುವವರೆಗೆ ಕತ್ತಲು, ಟಾರ್ಚ್ ಬೆಳಕಿನಲ್ಲಿ ಜಪಸರ. ಸಾಮಳಾಪುರದ ಕೆರೆಯ ಬಳಿ ಬೆಳಗಾಯಿತು. ಸೋಮನೂರಿನಲ್ಲಿ ಟೀ ಕುಡಿದು ಹೊರಟಾಗ ಬಿಸಿಲು ಏರಿತ್ತು. ಎಲ್ಲರೂ ಕೊಡೆ ಬಿಚ್ಚಿದೆವು. ರಸ್ತೆಯ ಜನ ತಿರುಗಿ ನೋಡಿದರು, ಮಳೆ ಎಲ್ಲಿ ಎಂದು ಒಬ್ಬರು ತಮಿಳಿನಲ್ಲಿ ಕೇಳಿಯೂ ಕೇಳಿದರು. ಹೋದ ವರ್ಷ ಮದುವಣಗಿತ್ತಿ ಎಂದಿದ್ದವನು ತಮ್ಮನ ಕೊಡೆಯ ಕೆಳಗೆ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದ, ಅವನು ಎತ್ತರದವನು. ಬಸಿಲಿಕದ ಗೋಪುರ ಕಂಡಾಗ ಅವನೇ "ಸಾಕು, ಇಲ್ಲಿ ಸ್ವಲ್ಪ ಕೂರೋಣ" ಎಂದ. ತಮ್ಮ ನಿಂತು, ಕೊಡೆಯನ್ನು ಪಕ್ಕಕ್ಕೆ ಸರಿಸಿ, ರಸ್ತೆಯ ಮೇಲೆ ಬಿದ್ದ ತನ್ನ ನೆರಳನ್ನು ಹೆಜ್ಜೆಯಿಂದ ಅಳೆದ.

"ಇನ್ನೂ ನನ್ಗಿಂತ ಉದ್ದ ಅದೆ ಕನಣ್ಣ. ನಡೀರಿ."